ಕರೆಯೋಲೆ ಕಳಿಸುವ ಮುನ್ನ

ಪ್ರಿಯ ಗೆಳೆಯ,

ಶಾಲೆಯ ನೂರು ವರ್ಷದ ಸಮಾರಂಭಕ್ಕೆ ಆ ಹಿರಿಯ ಮಾಜಿ ಸಚಿವರನ್ನೇ ಭಾಷಣಕ್ಕೆ ಕರೆಯೋಣ ಅಂತ ಕಮಿಟಿಯವರು ತೀರ್ಮಾನಿಸಿದ್ದು ಕೇಳಿ ತುಂಬಾ ಖುಷಿಯಾಯಿತು. ನೀನು ಕಳಿಸಿದ ಕರೆಯೋಲೆಯ ಕರಡನ್ನು ಎರಡು ಸಲ ಓದಿದೆ. ಮುಕ್ಕಾಲು ಪುಟ ಅವರ ಗುಣಗಾನವೇ ತುಂಬಿದೆ. ಶಾಲೆಯ ಮಾತು ಬರೋದು ಕೊನೆಯ ಎರಡು ಸಾಲಿನಲ್ಲಿ. ಇದು ಉಲ್ಟಾ ಆಗಬೇಕು ಕಣೋ.

ಯಾಕೆ ಅಂತ ಹೇಳ್ತೀನಿ. ಅಮೆರಿಕದ ಥಿಯೋಡೋರ್ ರೂಸ್‌ವೆಲ್ಟ್ 1909ರ ಮಾರ್ಚ್‌ನಲ್ಲಿ ಅಧ್ಯಕ್ಷ ಪದವಿಯಿಂದ ಇಳಿದರು. ಅದೇ ತಿಂಗಳು ಆಫ್ರಿಕಾಕ್ಕೆ ಬೇಟೆಗೆ ಹೊರಟರು. ಕುರ್ಚಿ ಹೋದರೂ ಕರೆಯುವವರು ಬಿಡಲಿಲ್ಲ. 1910ರಲ್ಲಿ ವಾಪಸ್ ಬರುವ ದಾರಿಯಲ್ಲೇ ಪ್ಯಾರಿಸ್‌ನ ಸೊರ್ಬಾನ್‌ನಲ್ಲಿ, ನಾರ್ವೆಯಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಭಾಷಣ ಮಾಡಬೇಕಾಯಿತು. ಊರು ಮುಟ್ಟಿದ ಮೇಲಂತೂ ಕ್ಲಬ್ಬು, ಕಾಲೇಜು, ಚರ್ಚು ಎಲ್ಲರದ್ದೂ ಪತ್ರ. ಅವರಿಗೆ ಬಂದ ಪತ್ರಗಳು, ಅವರು ಕಳಿಸಿದ ಉತ್ತರಗಳ ನಕಲುಗಳು ಇವತ್ತಿಗೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಷ್ಟು ಜನ ಕೇಳುವಾಗ ಹೆಚ್ಚಿನವರಿಗೆ ಇಲ್ಲ ಅನ್ನದೆ ಬೇರೆ ದಾರಿಯೇ ಇರಲಿಲ್ಲ.

ಆದರೂ 1910ರ ಆಗಸ್ಟ್ 31ರಂದು ಅವರು ಕ್ಯಾನ್ಸಾಸ್‌ನ ಒಸವಾಟೊಮಿ ಅನ್ನೋ ಚಿಕ್ಕ ಊರಿಗೆ ಹೋದರು. ಅವರ ಜೀವನದ ಅತಿ ಮುಖ್ಯ ಭಾಷಣಗಳಲ್ಲಿ ಒಂದನ್ನು ಮಾಡಿದ್ದು ಅಲ್ಲೇ. ಅದರಲ್ಲಿ ಅವರದೇ ರಾಜಕೀಯದ ಲೆಕ್ಕವೂ ಇತ್ತು, ನಿಜ. ಆದರೆ ಊರಿನವರ ಕೈಯಲ್ಲಿ ಒಂದು ಗಟ್ಟಿ ಕಾರಣ ಇತ್ತು. ಗುಲಾಮಗಿರಿಯ ವಿರುದ್ಧ ಅಲ್ಲಿ ಹೋರಾಡಿದ್ದ ಜಾನ್ ಬ್ರೌನ್ ನೆನಪಿನ ಪಾರ್ಕ್ ಉದ್ಘಾಟನೆ ಅದು. ಅದು ಬೇರೆ ಯಾವ ಊರಿನವರೂ ಬರೆಯಲಾಗದ ಮಾತು. ನಮ್ಮ ಶಾಲೆಗೂ ಅಂಥದ್ದು ಇದೆ ಅಲ್ವಾ? ಮಳೆಗಾಲದಲ್ಲಿ ಹೊಳೆ ಉಕ್ಕಿ ದಾರಿ ಮುಚ್ಚಿದಾಗ ಮೇಷ್ಟ್ರುಗಳು ಶಾಲೆಯಲ್ಲೇ ಉಳಿದು ಪಾಠ ಮಾಡುತ್ತಿದ್ದದ್ದು, ತೋಟದ ಲೈನ್ ಮನೆಗಳ ಮಕ್ಕಳು ಮೊದಲ ಸಲ ಸ್ಲೇಟು ಹಿಡಿದದ್ದು. ಅದನ್ನು ಮೊದಲ ಸಾಲಿಗೆ ತಾ. ಬಿರುದುಗಳನ್ನು ಆ ಮಾಜಿ ಸಚಿವರು ಸಾಕಷ್ಟು ಓದಿರುತ್ತಾರೆ.

ನಮ್ಮ ಕೊಡಗಿನಲ್ಲೇ ಕಥೆಗಾರ್ತಿ ಗೌರಮ್ಮನವರ ಪ್ರಸಂಗ ಇಲ್ವಾ. 1934ರಲ್ಲಿ ಗಾಂಧೀಜಿ ಗುಂಡುಕುಟ್ಟಿಯ ತೋಟದ ಬಂಗಲೆಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಗೌರಮ್ಮ ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ತೆರಡರ ಆಸುಪಾಸು. ನಾನು ಇದನ್ನು ನೆನೆದಾಗೆಲ್ಲ ಮೈ ಜುಮ್ಮೆನ್ನುತ್ತದೆ. ಉಪವಾಸ ಮಾಡು ಅಂತ ನಿನಗೆ ಹೇಳುತ್ತಿಲ್ಲ! ಗೌರಮ್ಮನವರಿಗೆ ಏನು ಬೇಕು ಅನ್ನೋದು ಅಷ್ಟು ಸ್ಪಷ್ಟವಾಗಿತ್ತು. ಕೊಡೋಕೂ ಅವರ ಕೈಯಲ್ಲಿ ಏನೋ ಇತ್ತು.

ಇನ್ನು ದಿನಾಂಕ. ಜುಲೈ, ಆಗಸ್ಟ್ ಬೇಡವೇ ಬೇಡ, ಜೋರು ಮಳೆ. ಚಳಿಗಾಲದಲ್ಲಿ ಕಾಫಿ ಕೊಯ್ಲು ಶುರುವಾದರೆ ಊರಿನವರೇ ಸಿಗಲ್ಲ. ತುಲಾ ಸಂಕ್ರಮಣ ಕಳೆದು ಪುತ್ತರಿ ಹಬ್ಬಕ್ಕೆ ಮುಂಚೆ, ನವೆಂಬರ್ ನಡುವಿನ ಎರಡು ದಿನ ಸೂಚಿಸು, ಅವರೇ ಆರಿಸಿಕೊಳ್ಳಲಿ. ಮೈಸೂರಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಆಮೇಲೆ ನಾಪೋಕ್ಲು ಕಡೆಗೆ ಬರೀ ತಿರುವು. ವಯಸ್ಸಾದವರು. ರಾತ್ರಿ ಉಳಿಯೋಕೆ ಎಲ್ಲಿ ವ್ಯವಸ್ಥೆ, ಎಷ್ಟು ನಿಮಿಷ ಮಾತಾಡಬೇಕು, ವೇದಿಕೆಯಲ್ಲಿ ಬೇರೆ ಯಾರಿರುತ್ತಾರೆ, ಎಲ್ಲ ಬರೆ. ಇಪ್ಪತ್ತು ನಿಮಿಷ ಸಾಕು. ಮಕ್ಕಳು ಬಿಸಿಲಲ್ಲಿ ಕೂತಿರುತ್ತಾರೆ.

ಬರಲಾಗದಿದ್ದರೆ ಬೇಸರವಿಲ್ಲ, ಮಕ್ಕಳಿಗೆ ಓದಿ ಹೇಳಲು ನಾಲ್ಕು ಸಾಲು ಬರೆದು ಕಳಿಸಿ ಅಂತಲೂ ಸೇರಿಸು. ಇಲ್ಲ ಅನ್ನೋಕೆ ಜಾಗ ಬಿಟ್ಟರೆ ಅವರಿಗೂ ಹಗುರ. ಸಹಿ ಕಮಿಟಿ ಅಧ್ಯಕ್ಷರದ್ದು ಇರಲಿ, ಜೊತೆಗೆ ಏಳನೇ ಕ್ಲಾಸಿನ ಒಂದು ಮಗುವಿನ ಕೈಬರಹದ ಪತ್ರವನ್ನೂ ಇಡು. ಅದನ್ನು ನೀವು ತಿದ್ದಬೇಡಿ. ಎರಡರ ನಕಲನ್ನೂ ಶಾಲೆಯ ಬೀರುವಿನಲ್ಲಿ ಇಟ್ಟುಕೊಳ್ಳಿ.

ಹೊಸ ಕರಡು ಈ ವಾರವೇ ಕಳಿಸು, ಓದಿ ಫೋನ್ ಮಾಡ್ತೀನಿ.

ನಿನ್ನ ಗೆಳೆಯ,
ಮಡಿಕೇರಿಯಿಂದ