ಚಾರ್ಜರ್ ಬಿಚ್ಚುವುದಕ್ಕಿಂತ ಮುಚ್ಚುವಾಗಲೇ ಗಮನ ಜಾಸ್ತಿ ಬೇಕು

ಪ್ರೀತಿಯ ಗೆಳೆಯಾ,

ಮೇಜಿನ ಮೇಲಿನ ಬ್ಯಾಟರಿ ಚಾರ್ಜರ್ ದೀಪ ಹತ್ತಿ ಹತ್ತಿ ಆರುತ್ತಿದೆ, ಬಿಸಾಕಿ ಹೊಸದು ತಗೊಳ್ಳಲಾ ಅಂತ ಕೇಳಿದ್ದೀಯಲ್ಲ. ಸ್ವಲ್ಪ ತಡಿ. ನನ್ನದೂ ಹೀಗೇ ಮಾಡುತ್ತಿತ್ತು. ಒಳಗೆ ಚಾರ್ಜ್ ಕೂಡಿಟ್ಟುಕೊಳ್ಳುವ ಒಂದು ಸಣ್ಣ ಭಾಗ, ಅಂದರೆ ಕೆಪಾಸಿಟರ್, ಬದಲಿಸಿದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತಿದೆ.

ಮೊದಲು ಪ್ಲಗ್ ಕಿತ್ತು, ಬ್ಯಾಟರಿ ತೆಗೆ. ಸ್ಕ್ರೂ ಕಾಣದಿದ್ದರೆ ತಳದ ರಬ್ಬರ್ ಕಾಲು, ಸ್ಟಿಕರ್‌ಗಳ ಅಡಿ ಹುಡುಕು. ತೆರೆದ ಕೂಡಲೇ ಫೋಟೋ ತೆಗೆದಿಟ್ಟುಕೋ.

ಒಳಗಿನ ದಪ್ಪ ಕೆಪಾಸಿಟರ್ ಬಗ್ಗೆ ಮಾತ್ರ ತುಂಬಾ ಹುಷಾರು. ಮನೆಯ 230 ವೋಲ್ಟ್ ಎಸಿ ಕರೆಂಟ್, ಅದನ್ನು ಒಂದೇ ದಿಕ್ಕಿಗೆ ಹರಿಸುವ ಡಯೋಡ್ ದಾಟಿ ಬಂದರೆ ಅದರಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡದೆ ಬೋರ್ಡ್ ಮುಟ್ಟಲೇಬೇಡ. ಚಾರ್ಜ್ ಇದ್ದರೆ ಕರೆಂಟ್‌ಗೆ ತಡೆ ಒಡ್ಡುವ ರೆಸಿಸ್ಟರ್ ಮೂಲಕ ಇಳಿಸು, ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಬೇಡ.

ಆಮೇಲೆ ಔಟ್‌ಪುಟ್ ಕಡೆಯ ಸಣ್ಣ ಕೆಪಾಸಿಟರ್‌ಗಳನ್ನು ನೋಡು. ತಲೆ ಉಬ್ಬಿದ್ದರೆ ಅದು ಹೋಗಿದೆ ಅಂತಲೇ ಲೆಕ್ಕ. ಉಬ್ಬದೆಯೂ ಕೆಡುವುದುಂಟು. ಬದಲಿಗೆ ಹಾಕುವುದು ಅಷ್ಟೇ ಮೈಕ್ರೋಫ್ಯಾರಡ್ (µF, ಕೆಪಾಸಿಟರ್‌ನ ಅಳತೆ) ಇರಬೇಕು. ವೋಲ್ಟ್ ಅಷ್ಟೇ ಇರಲಿ, ಇಲ್ಲವೇ ಜಾಸ್ತಿ ಇರಲಿ. 105 ಡಿಗ್ರಿ ಅಂತ ಬರೆದಿರುವುದನ್ನೇ ತಗೋ, ಬಿಸಿಗೆ ಹೆಚ್ಚು ಬಾಳುತ್ತದೆ. ಮೈಮೇಲೆ ಪಟ್ಟಿ ಇರುವ ಕಡೆ ನೆಗೆಟಿವ್. ಬ್ಯಾಟರಿ ಕೂರುವ ಲೋಹದ ಪಟ್ಟಿಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಗೆ ಒಂಚೂರು ವಿನೆಗರ್ ಹಾಕಿ ಒರೆಸು. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸು.

ಹೊಸ ಕೆಪಾಸಿಟರ್‌ನ ಬೆಸುಗೆ ಮುಗಿದರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಬ್ಯಾಟರಿಗೆ ತಾಗಿಕೊಂಡು ಬಿಸಿ ಅಳೆಯುವ ಒಂದು ಪುಟ್ಟ ಥರ್ಮಿಸ್ಟರ್ ಇರಬಹುದು. ನಿಕಲ್ ಮೆಟಲ್ ಹೈಡ್ರೈಡ್ ಅನ್ನುವ ಬಗೆಯ ರೀಚಾರ್ಜ್ ಬ್ಯಾಟರಿ ತುಂಬಿದಾಗ ಅದರ ವೋಲ್ಟೇಜ್ ಒಂಚೂರು ಇಳಿಯುತ್ತದೆ, ಮೈ ಬಿಸಿಯಾಗುತ್ತದೆ. ಆ ಬಿಸಿಯನ್ನು ಚಾರ್ಜರ್‌ಗೆ ತಿಳಿಸುವುದು ಇದೇ. ಥರ್ಮಿಸ್ಟರನ್ನು ಸುಮ್ನೆ ಎಲ್ಲೋ ತುರುಕಿಬಿಟ್ಟರೆ ಬ್ಯಾಟರಿ ಕಾದರೂ ಚಾರ್ಜರ್‌ಗೆ ಗೊತ್ತಾಗುವುದಿಲ್ಲ. ಬೋರ್ಡ್ ಅಡಿ ಪ್ಲಾಸ್ಟಿಕ್ ಹಾಳೆ ಇದ್ದರೆ ಅದೂ ಇದ್ದ ಜಾಗಕ್ಕೇ ಹೋಗಬೇಕು. ಹೈ ವೋಲ್ಟೇಜ್ ಬೇರೆ ಕಡೆ ಹಾರದಂತೆ ತಡೆಯುವುದು ಅದೇ. ವೈರ್ ಎಳೆದರೂ ಬೆಸುಗೆಗೆ ಜಗ್ಗದಂತೆ ಅದರ ಹಿಡಿಕೆಯನ್ನು ಗಟ್ಟಿಯಾಗಿ ಕೂರಿಸು.

ಸ್ಕ್ರೂ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸು. ಟಕ್ ಅಂತ ಹಳೆ ತಿರುಪಿನ ಗೆರೆಗೆ ಕೂತ ಮೇಲೆ ಬಿಗಿ ಮಾಡು. ಇಲ್ಲದಿದ್ದರೆ ಪ್ಲಾಸ್ಟಿಕ್ ಸವೆದುಹೋಗುತ್ತದೆ.

ಪೂರ್ತಿ ಮುಚ್ಚಿದ ಮೇಲೇ ಕರೆಂಟ್ ಕೊಡು, ಮೊದಲು ಬ್ಯಾಟರಿ ಇಲ್ಲದೆ. ಆಮೇಲೆ ಬ್ಯಾಟರಿ ಹಾಕಿ ಮೊದಲ ಸಲದ ಚಾರ್ಜ್ ಮುಗಿಯುವವರೆಗೂ ಪಕ್ಕದಲ್ಲೇ ಇರು. ಬೆಚ್ಚಗಾದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಸುಟ್ಟರೆ ಪ್ಲಗ್ ಕೀಳು.

ಬಿಚ್ಚಿದ ಮೇಲೆ ಕೆಪಾಸಿಟರ್ ಮೈಮೇಲಿನ ಬರಹದ ಫೋಟೋ ಕಳಿಸು. ಅದಕ್ಕೆ ಸರಿಹೋಗುವುದು ಯಾವುದು ಅಂತ ಹೇಳುತ್ತೇನೆ.

ನಿನ್ನ ಗೆಳೆಯ