ಗುಂಪು ಆರೋಗ್ಯ ವಿಮೆಯಿಂದ ಹೊರಬಿದ್ದ ಆರು ಕೆಲಸಗಾರರ ಪರವಾಗಿ ದೂರು

ಇವರಿಗೆ,
ಕುಂದುಕೊರತೆ ನಿವಾರಣಾಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ

ಮಾನ್ಯರೇ,

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ನಮ್ಮ ಗುಂಪು ಪಾಲಿಸಿಯನ್ನು ಈ ಸಲ ನವೀಕರಿಸುವುದಿಲ್ಲವೆಂದು ನಿಮ್ಮ ಶಾಖೆ ಪತ್ರ ಕಳಿಸಿದೆ. ಎಂಟು ಜನರಲ್ಲಿ ಇಬ್ಬರು ಊರಿಗೆ ಮರಳಿದರು, ಉಳಿದವರು ಆರೇ, ಕನಿಷ್ಠ ಏಳು ಮಂದಿ ಇರಬೇಕು ಎಂಬುದು ಕಾರಣ. ಅದನ್ನಾದರೂ ಒಪ್ಪಿಕೊಂಡೆ. ಉಳಿದ ಆರು ಜನರಿಗೆ ವೈಯಕ್ತಿಕ ಪಾಲಿಸಿ ಕೊಡಿ ಎಂದು ಕೇಳಿದರೆ, ಹೊಸ ಗ್ರಾಹಕರಂತೆ ಅರ್ಜಿ ಹಾಕಲಿ, ಹಳೆಯ ಕಾಯಿಲೆಗಳ ಚಿಕಿತ್ಸೆಗೆ ಹಣ ಸಿಗಲು ಮೂರು ವರ್ಷ ಕಾಯಲಿ ಎಂಬ ಉತ್ತರ ಬಂತು. ಇದನ್ನು ಮಾತ್ರ ಒಪ್ಪಲಾರೆ.

ನಮ್ಮ ಹಿರಿಯ ಟರ್ನರ್‌ಗೆ ಸಕ್ಕರೆ ಕಾಯಿಲೆ ಇದೆ. ಕಳೆದ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದಾಗ ನೀವು ತಕರಾರಿಲ್ಲದೆ ಹಣ ಕೊಟ್ಟಿರಿ. ಆ ಉಪಕಾರವನ್ನು ಮರೆತಿಲ್ಲ. ಈಗ ಅದೇ ಮನುಷ್ಯನನ್ನು ಮೂರು ವರ್ಷ ಬರಿಗೈಯಲ್ಲಿ ನಿಲ್ಲಿಸುತ್ತಿದ್ದೀರಿ.

ನಾವು ನಿಮ್ಮ ಬಳಿಗೆ ಬಂದದ್ದು ಬೇರೆ ದಾರಿಯಿಲ್ಲದೆ. ಕಾರ್ಮಿಕರಿಗೆ ಚಿಕಿತ್ಸೆ ಒದಗಿಸುವ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆ 1948ರಲ್ಲೇ ಬಂದರೂ ಹತ್ತು ಮಂದಿಗಿಂತ ಕಡಿಮೆ ಇರುವ ನಮ್ಮಂಥ ವರ್ಕ್‌ಶಾಪ್‌ಗಳು ಅದರ ಹೊರಗೇ ಉಳಿದವು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ ಕೆಲಸ ಆರಂಭಿಸುವವರು ಕಾರ್ಮಿಕರಿಗೆ ವೈದ್ಯಕೀಯ ವಿಮೆ ಮಾಡಿಸಬೇಕೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು. ಆಗ ನಿಮ್ಮ ಏಜೆಂಟರೇ ನಮ್ಮ ಬಾಗಿಲಿಗೆ ಬಂದಿದ್ದರು. ಅಂದಿನಿಂದ ಒಂದು ಕಂತೂ ತಪ್ಪಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ, ಗುಂಪು ಪಾಲಿಸಿಗೆ ಶೇ 18 ಹಾಗೆಯೇ ಇದೆ. ಅದನ್ನೂ ಸೇರಿಸಿ ಕಟ್ಟಲು ಸಿದ್ಧನಿದ್ದೆ.

ವಿಮಾ ನಿಯಂತ್ರಣ ಪ್ರಾಧಿಕಾರದ 2016ರ ಆರೋಗ್ಯ ವಿಮಾ ನಿಯಮಾವಳಿ, ಗುಂಪಿನಿಂದ ಹೊರಬೀಳುವ ಸದಸ್ಯರಿಗೆ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ಅವಕಾಶ ಕೊಟ್ಟಿತು. ಅದಾಗಲೇ ಕಾದು ಮುಗಿಸಿದ ಅವಧಿ ಹೊಸ ಪಾಲಿಸಿಯಲ್ಲಿ ಲೆಕ್ಕಕ್ಕೆ ಬರಬೇಕು. ಪಾಲಿಸಿ ಮುಗಿಯಲು ಎರಡು ತಿಂಗಳಿರುವಾಗಲೇ ಆರು ಜನರೂ ವರ್ಗಾವಣೆಯ ಅರ್ಜಿ ಕೊಟ್ಟಿದ್ದಾರೆ. ಶಾಖೆಯವರು ಆ ಅರ್ಜಿಗಳನ್ನು ತೆರೆದು ನೋಡಿದಂತೆಯೇ ಕಾಣುವುದಿಲ್ಲ.

ಆರು ಜನರ ಅರ್ಜಿಗಳನ್ನು ಪಾಲಿಸಿ ಮುಗಿಯುವ ಮೊದಲೇ ಇತ್ಯರ್ಥಪಡಿಸಿ. ನಿರಾಕರಿಸುವುದಾದರೆ ಪ್ರತಿಯೊಬ್ಬರಿಗೂ ಕಾರಣವನ್ನು ಬರವಣಿಗೆಯಲ್ಲಿ ಕೊಡಿ. ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ಕುರಿತ 2017ರ ನಿಯಮಗಳು ಗುಂಪು ಪಾಲಿಸಿಗಳಿಗೂ ಅನ್ವಯಿಸುತ್ತವೆ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಟರ್ನರ್‌ನ ಆಸ್ಪತ್ರೆ ದಾಖಲೆಗಳನ್ನೂ ಆರು ವರ್ಷಗಳ ಕಂತಿನ ರಸೀದಿಗಳನ್ನೂ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಪಾಲಿಸಿದಾರ,
ಪೀಣ್ಯ, ಬೆಂಗಳೂರು