ಟಿಮೊಥಿ ವೆಸ್ಟ್ ಅವರಿಗೂ ಒಂದು ನಮಸ್ಕಾರ

ಮೊನ್ನೆ ಭಾನುವಾರ ನನ್ನ ಹೆಂಡತಿಗೆ 75 ತುಂಬಿತು. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಪುಟ್ಟ ಮನೆಗೆ ಅಷ್ಟೊಂದು ಜನ ಬಂದಿರಿ. ಹೋಳಿಗೆ ಮಾಡಿ ತಂದಿರಿ, ಹಾಡು ಹೇಳಿದಿರಿ. ಅವಳು ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದಾಗ ಐದು ಸಲವೂ ಅದೇ ನಗುಮುಖದಿಂದ ಉತ್ತರ ಕೊಟ್ಟಿರಿ. ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಪಕ್ಕದ ಮನೆಯವರು, ವಾರಕ್ಕೆರಡು ದಿನ ಅವಳನ್ನು ನೋಡಿಕೊಳ್ಳುವ ಡೇ ಸೆಂಟರ್‌ನ ಹೆಣ್ಣುಮಕ್ಕಳು, ಎಷ್ಟೊತ್ತಿಗೆ ಫೋನ್ ಮಾಡಿದರೂ ಎತ್ತುವ ನಮ್ಮ ಮಗಳು, ನಿಮ್ಮೆಲ್ಲರ ಋಣ ದೊಡ್ಡದು.

ಇನ್ನೊಬ್ಬರಿಗೂ ಥ್ಯಾಂಕ್ಸ್ ಹೇಳಬೇಕು. ಅವರನ್ನು ನಾನು ಒಂದು ಸಲವೂ ಮಾತಾಡಿಸಿಲ್ಲ. ನಟ ಟಿಮೊಥಿ ವೆಸ್ಟ್.

ನಾವು ಈ ದೇಶಕ್ಕೆ ಬಂದದ್ದು 1975ರಲ್ಲಿ, ಮದುವೆಯಾದ ಹೊಸತು. ಮನೆ ಓನರಮ್ಮನ ಕಪ್ಪು ಬಿಳುಪು ಟಿವಿಯಲ್ಲಿ ಆಗ 'ಎಡ್ವರ್ಡ್ ದ ಸೆವೆಂತ್' ಧಾರಾವಾಹಿ ಬರುತ್ತಿತ್ತು. ರಾಜನಾಗಿದ್ದವರು ವೆಸ್ಟ್. ಅವರ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಈ ಊರಿನ ಇಂಗ್ಲಿಷ್‌ಗೆ ಹೆದರುತ್ತಿದ್ದ ನನ್ನ ಹೆಂಡತಿ, "ರೀ, ಇವರದ್ದು ಮಾತ್ರ ಪೂರ್ತಿ ಅರ್ಥ ಆಗತ್ತೆ" ಎಂದಿದ್ದಳು. ಅಲ್ಲಿಂದ ಅವರು ನಮ್ಮನೆಯವರೇ ಆಗಿಬಿಟ್ಟರು.

ಅವರು ಹುಟ್ಟಿದ್ದು 1934ರಲ್ಲಿ, ಬ್ರಾಡ್‌ಫರ್ಡ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ನಾಟಕದವರೇ. ಆದರೂ ಮಗ ಮೊದಲು ಆಫೀಸಿನ ಮೇಜು ಕುರ್ಚಿ ಮಾರಿದರು, ರೆಕಾರ್ಡಿಂಗ್ ಕೆಲಸ ಮಾಡಿದರು. 1956ರಲ್ಲಿ ವಿಂಬಲ್ಡನ್ ಥಿಯೇಟರ್‌ನಲ್ಲಿ ತೆರೆಯ ಹಿಂದಿನ ಸಹಾಯಕರಾಗಿ ಸೇರಿಕೊಂಡರು. ಆಮೇಲೆ ಚರ್ಚಿಲ್ ಆದರು, ಸ್ಟಾಲಿನ್ ಆದರು. 'ಬ್ರಾಸ್' ಧಾರಾವಾಹಿಯಲ್ಲಿ ಕಲ್ಲೆದೆಯ ಮಿಲ್ ಮಾಲೀಕನಾಗಿ ನಗಿಸಿದರು. 80ರ ಹತ್ತಿರ ಬಂದಾಗಲೂ 'ಈಸ್ಟ್‌ಎಂಡರ್ಸ್' ಧಾರಾವಾಹಿಯಲ್ಲಿ ನಟಿಸುತ್ತಿದ್ದರು. ದೊಡ್ಡ ಹೆಸರು ಬಂದ ಮೇಲೂ ನಾಟಕ ಕಟ್ಟಿಕೊಂಡು ಊರೂರು ತಿರುಗುವುದನ್ನು ಬಿಡಲಿಲ್ಲ. ಆ ತಿರುಗಾಟದಲ್ಲಿ ಹೆಂಡತಿಗೆ ಬರೆದ ಕಾಗದಗಳೇ ಒಂದು ಪುಸ್ತಕವಾಗಿವೆ.

ಆ ಹೆಂಡತಿ ಪ್ರುನೆಲಾ ಸ್ಕೇಲ್ಸ್. 'ಫಾಲ್ಟಿ ಟವರ್ಸ್' ಹಾಸ್ಯ ಧಾರಾವಾಹಿಯ ಸಿಬಿಲ್ ಎಂದರೆ ಬೇಗ ಗೊತ್ತಾಗುತ್ತದೆ, ಅಲ್ವಾ?

2016ರ ಬೇಸಿಗೆಯಲ್ಲಿ ಬ್ರಿಸ್ಟಲ್ ಓಲ್ಡ್ ವಿಕ್ ಥಿಯೇಟರ್‌ನಲ್ಲಿ ವೆಸ್ಟ್ ಮತ್ತೆ ಷೇಕ್ಸ್‌ಪಿಯರ್‌ನ ಕಿಂಗ್ ಲಿಯರ್ ಪಾತ್ರ ಮಾಡಿದರು. ಆ ಪಾತ್ರ ಅವರಿಗೆ ಅದು ನಾಲ್ಕನೇ ಸಲ. ವಯಸ್ಸು 81. ನಾವಿಬ್ಬರೂ ರೈಲು ಹತ್ತಿ ನೋಡಲು ಹೋದೆವು. ಮುದಿ ರಾಜ ನಿದ್ದೆಯಿಂದೆದ್ದು, ಎದುರಿಗಿರುವವಳು ತನ್ನ ಮಗಳೇ ಎಂದು ತಡವರಿಸುತ್ತಾ ಗುರುತು ಹಿಡಿಯುವಾಗ ಇವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ವಾಪಸ್ ಬರುವಾಗ ರೈಲಿನಲ್ಲಿ ಕೇಳಿದಳು: "ನಾವು ಎಲ್ಲಿಗೆ ಹೋಗಿದ್ವಿ ರೀ?" ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದಳು. ರೆಡಿಂಗ್ ಬರುವಷ್ಟರಲ್ಲಿ ಮೂರು ಸಲ.

ಮರುವರ್ಷ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಡಿಮೆನ್ಷಿಯಾ. ವೆಸ್ಟ್ ಕೂಡ ತಮ್ಮ ಹೆಂಡತಿಯ ಮರೆವನ್ನು ಮೊದಲು ಗಮನಿಸಿದ್ದು ನಾಟಕದ ಹೊತ್ತಿನಲ್ಲೇ. ಪ್ರುನೆಲಾ ರಂಗದ ಮೇಲಿದ್ದರು, ಇವರು ಪ್ರೇಕ್ಷಕರ ನಡುವೆ ಕೂತಿದ್ದರು. ಇದನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಅವರಿಬ್ಬರೂ ದೋಣಿಯಲ್ಲಿ ಕಾಲುವೆಗಳನ್ನು ಸುತ್ತುವ 'ಗ್ರೇಟ್ ಕೆನಾಲ್ ಜರ್ನೀಸ್' 2014ರಲ್ಲಿ ಟಿವಿಯಲ್ಲಿ ಶುರುವಾಗಿತ್ತು. ಕೇರಳದ ಹಿನ್ನೀರಿಗೂ ಹೋಗಿ ಬಂದರು. ನಮಗೆ ಜಾಸ್ತಿ ಇಷ್ಟವಾದದ್ದು ಕೆನೆಟ್ ಅಂಡ್ ಏವನ್ ಕಾಲುವೆಯ ಕಂತು. ನಮ್ಮೂರಿಂದ ಬ್ರಿಸ್ಟಲ್ ಕಡೆಗೆ ಹೋಗುವ ಕಾಲುವೆ ಅದು.

ಕಾಲುವೆಯಲ್ಲಿ ನೀರಿನ ಮಟ್ಟ ಬದಲಾಗುವ ಕಡೆ ಲಾಕ್ ಇರುತ್ತದೆ. ಎರಡು ಜೊತೆ ಭಾರದ ಬಾಗಿಲು, ನಡುವೆ ತೊಟ್ಟಿಯ ಹಾಗೆ ಜಾಗ. ದೋಣಿ ಒಳಗೆ ಬಂದ ಮೇಲೆ ಕಬ್ಬಿಣದ ಹಿಡಿಕೆ ತಿರುಗಿಸಿ ನೀರು ಬಿಡಬೇಕು, ಮಟ್ಟ ಸಮ ಆದಮೇಲೆ ಬಾಗಿಲು ತಳ್ಳಬೇಕು. ವೆಸ್ಟ್ ದೋಣಿ ನಡೆಸುತ್ತಾರೆ. ಲಾಕ್ ಕೆಲಸ ಪ್ರುನೆಲಾ ಅವರದ್ದು. ಹೆಸರು ಮರೆತು ಹೋಗುತ್ತಿತ್ತು, ಊರು ಮರೆತು ಹೋಗುತ್ತಿತ್ತು. ಆದರೂ ಹಿಡಿಕೆ ಅವರ ಕೈಯಲ್ಲೇ ಇತ್ತು.

ನಾನು ಅಷ್ಟು ಹೊತ್ತಿಗೆ ಇವಳನ್ನು ಅಡುಗೆಮನೆಗೇ ಬಿಡುತ್ತಿರಲಿಲ್ಲ. ಒಂದು ಸಲ ಒಲೆ ಆರಿಸದೆ ಬಂದಿದ್ದಳು, ಅದೇ ಭಯ. ಆ ಕಂತು ನೋಡಿದ ರಾತ್ರಿ ಅವರೆಕಾಳು ನೆನೆಹಾಕಿದೆ. ಬೆಳಿಗ್ಗೆ ಬೋಗುಣಿ ತಂದು ಅವಳ ಮುಂದೆ ಇಟ್ಟೆ, ಏನೂ ಹೇಳಲಿಲ್ಲ. ಒಂದು ಕಾಳು ತೆಗೆದುಕೊಂಡಳು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿಸುಕಿದಳು. ಬೇಳೆ ಚಿಮ್ಮಿ ತಟ್ಟೆಗೆ ಬಿತ್ತು. ಆಮೇಲೆ ಅರ್ಧ ಗಂಟೆ ಆ ಕೈ ನಿಲ್ಲಲೇ ಇಲ್ಲ. ಮೊನ್ನೆ ನೀವೆಲ್ಲ ಬಡಿಸಿಕೊಂಡ ಹಿದಕಬೇಳೆ ಸಾರು, ಅದಕ್ಕೆ ಕಾಳು ಹಿಸುಕಿದ್ದು ಅವಳೇ.

ವೆಸ್ಟ್ 2024ರ ನವೆಂಬರ್ 12ರಂದು ತೀರಿಕೊಂಡರು, 90 ವರ್ಷ. 2025ರ ಅಕ್ಟೋಬರ್‌ನಲ್ಲಿ ಪ್ರುನೆಲಾ ಕೂಡ ಹೋದರು. ಹಿಂದಿನ ದಿನ ಅವರು 'ಫಾಲ್ಟಿ ಟವರ್ಸ್' ನೋಡುತ್ತಿದ್ದರಂತೆ. ಸುದ್ದಿ ಕೇಳಿ ನಾವೂ ಒಂದು ಕಂತು ಹಾಕಿಕೊಂಡು ನೋಡಿದೆವು. ಇವಳು ಮನಸಾರೆ ನಕ್ಕಳು.

ಕಳೆದ ವಾರ ಮನೆ ಹತ್ತಿರದ ಲಾಕ್ ಬಳಿ ನಿಂತಿದ್ದೆವು. ಒಂದು ದೋಣಿ ಬಂತು. ಅದರಲ್ಲಿದ್ದ ಹುಡುಗಿ ಇವಳು ನೋಡುತ್ತಿದ್ದುದನ್ನು ಕಂಡು, ಬಾಗಿಲು ತಳ್ಳಲು ಬರ್ತೀರಾ ಎಂದು ಕರೆದಳು. ಇವಳು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿನ ತೊಲೆಗೆ ಬೆನ್ನು ಕೊಟ್ಟು, ಕಾಲೂರಿ ತಳ್ಳಿದಳು. ಬಾಗಿಲು ನಿಧಾನಕ್ಕೆ ತೆರೆದುಕೊಂಡಿತು. ಆ ಹುಡುಗಿಯ ಹೆಸರು ಕೇಳಲು ಮರೆತೆ. ಅವಳಿಗೂ ಥ್ಯಾಂಕ್ಸ್.